ಕನ್ನಡದಲ್ಲಿ ಉತ್ತರ ಕೊಟ್ಟರೆ ಎರಡು ಮೆಸೇಜಿನ ದುಡ್ಡು ಯಾಕೆ?

ಸಂಪಾದಕರಿಗೆ ನಮಸ್ಕಾರ.

ಮೊಬೈಲಿಗೆ ಬರುವ ಬೇಡದ ಮೆಸೇಜುಗಳ ಕಾಟದ ಬಗ್ಗೆ ನಿಮ್ಮ ವಾಚಕರ ಪುಟದಲ್ಲಿ ಪತ್ರಗಳು ಬರುತ್ತಿವೆ. ಬರೆದವರ ಸಿಟ್ಟು ನ್ಯಾಯವಾದದ್ದೇ. ಸಾಲ ಬೇಕಾ, ಸೈಟು ಬೇಕಾ ಅಂತ ನನಗೂ ಬರುತ್ತಲೇ ಇರುತ್ತವೆ. ಆದರೆ ಅಂಗಡಿಯವರು ಯಂತ್ರದಿಂದ ಕಳಿಸುವ ಮೆಸೇಜುಗಳನ್ನೆಲ್ಲ ಒಟ್ಟಿಗೆ ನಿಲ್ಲಿಸಿಬಿಡಬೇಕು ಎಂಬ ಮಾತೂ ಅದರಲ್ಲಿ ಬಂದಿದೆ. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ. ಅಂಥ ಮೆಸೇಜು ಕನ್ನಡದಲ್ಲಿ ಕಳಿಸಿದರೆ ಇಂಗ್ಲಿಷಿಗಿಂತ ಜಾಸ್ತಿ ದುಡ್ಡು ಯಾಕೆ ಅಂತಲೂ ಕೇಳಬೇಕಿದೆ.

ನಮ್ಮದು ಹಿರಿಯೂರಿನಲ್ಲಿ ಮೋಟರ್ ವೈಂಡಿಂಗ್ ಅಂಗಡಿ. ಯಜಮಾನರು ಮತ್ತು ಇಬ್ಬರು ಹುಡುಗರು ವೈಂಡಿಂಗ್ ಕೆಲಸ ನೋಡುತ್ತಾರೆ. ಲೆಕ್ಕ, ಬಿಲ್ಲು, ಫೋನು ನನ್ನದು. ವಾಣಿವಿಲಾಸ ಸಾಗರ 1933ರ ಮೇಲೆ ಮತ್ತೆ 2022ರಲ್ಲಿ ಕೋಡಿ ಬಿದ್ದಾಗ ಇಡೀ ಊರೇ ನೋಡಲು ಹೋಗಿತ್ತು. ಆದರೆ ಕಾಲುವೆ ನೀರು ಹತ್ತದ ಕಡೆ ಅಡಿಕೆ, ತೆಂಗು, ದಾಳಿಂಬೆ, ಈರುಳ್ಳಿ ಎಲ್ಲ ಬೋರ್‌ವೆಲ್ ನೀರನ್ನೇ ನಂಬಿವೆ. ಬೋರ್ ನಡೆಯಬೇಕಾದರೆ ಮೋಟರ್ ನಡೆಯಬೇಕು. ತ್ರೀ ಫೇಸ್ ಕರೆಂಟು ಪಾಳಿಯ ಮೇಲೆ ಬರುತ್ತದೆ. ವೋಲ್ಟೇಜ್ ಇಳಿದರೆ ಮೋಟರ್ ಜಾಸ್ತಿ ಕರೆಂಟ್ ಎಳೆಯುತ್ತದೆ, ಬಿಸಿಯಾಗುತ್ತದೆ, ಕಾಯಿಲ್ ಸುಟ್ಟುಹೋಗುತ್ತದೆ. ಒಂದು ಫೇಸ್ ಹೋದರಂತೂ ಇನ್ನೂ ಬೇಗ. ಫೆಬ್ರವರಿಯಿಂದ ಮೇ ತನಕ ನಮ್ಮ ಅಂಗಡಿ ಮುಂದೆ ಸುಟ್ಟ ಮೋಟರ್‌ಗಳ ಸಾಲೇ ಇರುತ್ತದೆ.

ಆ ದಿನಗಳಲ್ಲಿ ಫೋನು ಸುಮ್ಮನಿರುವುದಿಲ್ಲ. "ಅಕ್ಕಾ, ನಮ್ಮ ಮೋಟ್ರು ಏನಾಯ್ತು?" ಪ್ರಶ್ನೆ ಇದೊಂದೇ. ಕೇಳುವವರ ತಪ್ಪಿಲ್ಲ. ಬೇಸಿಗೆಯಲ್ಲಿ ಎಳೆ ಅಡಿಕೆ ಗಿಡಕ್ಕೆ ನೀರು ತಪ್ಪಿದರೆ ಏನಾಗುತ್ತದೆ ಅಂತ ಅವರಿಗೆ ಗೊತ್ತು. ಇವತ್ತು ಸಿಗುತ್ತದೆ ಅಂದರೆ ಕಾಯುತ್ತಾರೆ. ನಾಲ್ಕು ದಿನ ಅಂದರೆ ಪಕ್ಕದ ತೋಟದವರ ಕೈಕಾಲು ಹಿಡಿದು ಒಂದು ಪಾಳಿ ನೀರು ಬಿಡಿಸಿಕೊಳ್ಳುತ್ತಾರೆ. ಅಂದರೆ ಅವರಿಗೆ ಬೇಕಾದದ್ದು ನಿಜವಾದ ಉತ್ತರ, ಅದೂ ಬೇಗ. ನಾನು ಒಂದು ಫೋನಿನಲ್ಲಿ ಮಾತಾಡುವಾಗ ಇನ್ನು ನಾಲ್ಕು ಜನ ಕಾಯುತ್ತಿರುತ್ತಾರೆ. ಸಿಗದೆ ಬೇಸತ್ತು ಬಸ್ಸು ಹತ್ತಿ ಬರುತ್ತಾರೆ. ಧರ್ಮಪುರದ ಆಚೆಯಿಂದ ಬಂದ ಒಬ್ಬರಿಗೆ "ಇನ್ನೂ ಆಗಿಲ್ಲ ಯಜಮಾನ್ರೆ" ಅಂತ ಹೇಳಿ ಕಳಿಸುವಾಗ ಅವರ ಒಂದು ದಿನದ ಕೂಲಿ, ಬಸ್ ಚಾರ್ಜು ಎರಡೂ ಹೋಯಿತಲ್ಲಾ ಅಂತ ಸಂಕಟ ಆಗುತ್ತದೆ.

ನಮ್ಮ ಮಗಳು ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದುತ್ತಾಳೆ. ಇದಕ್ಕೆ ದಾರಿ ತೋರಿಸಿದ್ದು ಅವಳೇ. ಮೋಟರ್ ತಂದವರಿಗೆ ನಾವು ನಂಬರ್ ಹಾಕಿದ ಚೀಟಿ ಕೊಡುತ್ತೇವೆ. ಅದೇ ನಂಬರನ್ನು ಮೋಟರ್ ಮೇಲೆ ಪೇಂಟಿನಲ್ಲಿ ಬರೆಯುತ್ತೇವೆ. ಆ ನಂಬರನ್ನು ಒಂದು ಮೆಸೇಜಿನಲ್ಲಿ ಕಳಿಸಿದರೆ ಮೋಟರ್ ಯಾವ ಹಂತದಲ್ಲಿದೆ ಅಂತ ತಾನಾಗೇ ಉತ್ತರ ಹೋಗಬೇಕು. ಲೆಕ್ಕದ ಪುಸ್ತಕದಲ್ಲಿ ನಾನು ಬರೆಯುತ್ತಿದ್ದುದನ್ನೇ ಈಗ ಕಂಪ್ಯೂಟರಿನ ಒಂದು ಪಟ್ಟಿಯಲ್ಲೂ ಬರೆಯುತ್ತೇನೆ. ಬಿಚ್ಚಿ ನೋಡಿದೆ, ವೈಂಡಿಂಗ್ ನಡೀತಿದೆ, ಬೇರಿಂಗ್ ಬರಬೇಕು, ಟೆಸ್ಟ್ ಆಗಬೇಕು, ರೆಡಿ. ಬಾವಿ ಮೇಲಿನ ಮೊನೊಬ್ಲಾಕ್ ಆದರೆ ವಾರ್ನಿಶ್ ಹಾಕಿ ಒಣಗಿಸುವ ಹಂತವೂ ಉಂಟು. ಬೋರಿಗೆ ಇಳಿಸುವ ನೀರು ತುಂಬಿದ ಮೋಟರ್‌ಗೆ ಅದಿಲ್ಲ, ಅದಕ್ಕೆ ಪ್ಲಾಸ್ಟಿಕ್ ಹೊದಿಕೆಯ ವೈರನ್ನೇ ಸುತ್ತುತ್ತೇವೆ. ಮಗಳು ಬರೆದ ಪ್ರೋಗ್ರಾಮ್ ಬಂದ ಮೆಸೇಜಿನಲ್ಲಿ ನಂಬರ್ ಹುಡುಕುತ್ತದೆ, ಪಟ್ಟಿ ನೋಡುತ್ತದೆ, ಅಲ್ಲಿ ಇರುವುದನ್ನು ತಿರುಗಿಸಿ ಕಳಿಸುತ್ತದೆ.

ನಮ್ಮ ರೈತರಿಗೆ ಇದು ಹೊಸದೂ ಅಲ್ಲ. ಸಿಮ್ ಹಾಕಿದ ಮೊಬೈಲ್ ಸ್ಟಾರ್ಟರ್ ಎಷ್ಟೋ ಜನರ ಪಂಪ್‌ಹೌಸ್‌ನಲ್ಲಿದೆ. ಮನೆಯಿಂದ ಕಾಲ್ ಮಾಡಿದರೆ ಮೋಟರ್ ಆನ್ ಆಗುತ್ತದೆ, ಆ ಡಬ್ಬಿಯಿಂದ ಮೆಸೇಜ್ ವಾಪಸ್ ಬರುತ್ತದೆ. ಯಂತ್ರ ಮೆಸೇಜಿನಲ್ಲಿ ಉತ್ತರ ಕೊಡುತ್ತದೆ ಎಂದು ಅವರಿಗೆ ನಾವು ಹೇಳಿಕೊಡಬೇಕಾಗಿ ಬರಲಿಲ್ಲ.

ಇದರಲ್ಲಿ ಮಗಳು ಪಟ್ಟು ಹಿಡಿದ ಎರಡು ಮಾತು ನನಗೆ ತುಂಬಾ ಹಿಡಿಸಿದವು. ಮೊದಲನೆಯದು, ಪಟ್ಟಿಯಲ್ಲಿ "ಇನ್ನೂ ಕೈ ಹಾಕಿಲ್ಲ" ಅನ್ನುವ ಹಂತವೂ ಇರಬೇಕು. ಯಜಮಾನರು ಬೇಡ ಅಂದರು. ಗಿರಾಕಿ ಬೇರೆ ಅಂಗಡಿಗೆ ಮೋಟರ್ ಎತ್ತಿಕೊಂಡು ಹೋಗುತ್ತಾನೆ ಅನ್ನುವ ಹೆದರಿಕೆ. ನಾನು ಮಗಳ ಕಡೆ ನಿಂತೆ. ಫೋನಿನಲ್ಲಿ ನಾವು "ನಾಳೆ ಕೊಡ್ತೀವಿ" ಅಂದು ದಾಟಿಸಿಬಿಡಬಹುದು. ಆದರೆ ಆ ನಾಳೆಯನ್ನು ನಂಬಿ ನೀರಿನ ಬೇರೆ ವ್ಯವಸ್ಥೆ ಮಾಡಿಕೊಳ್ಳದೆ ಕೂತವರ ಗತಿ ಏನು? ಎರಡನೆಯದು, ಯಂತ್ರದ ಉತ್ತರ ಸಾಲದಿದ್ದವರಿಗೆ ಮನುಷ್ಯರು ಸಿಗುವ ಫೋನ್ ನಂಬರ್ ಚೀಟಿಯಲ್ಲಿ ದಪ್ಪಗೆ ಅಚ್ಚಾಗಿರಬೇಕು. ಅದೂ ಆಯಿತು.

ಇನ್ನು ಕಷ್ಟದ ಭಾಗಕ್ಕೆ ಬರುತ್ತೇನೆ. ಮಗಳು ಇದನ್ನು ಮೊದಲು ಮನೆಯ ಫೋನುಗಳ ನಡುವೆಯೇ ಮಾಡಿ ನೋಡಿದಳು. ಅಷ್ಟಕ್ಕೆ ಒಂದು ಹಳೇ ಆಂಡ್ರಾಯ್ಡ್ ಫೋನು, ಒಂದು ಸಿಮ್ ಸಾಕಾಯಿತು. ಆದರೆ ಮಾಮೂಲಿ ಸಿಮ್‌ನಿಂದ ವ್ಯಾಪಾರದ ಮೆಸೇಜು ಸಾಲುಸಾಲಾಗಿ ಹೋದರೆ ಕನೆಕ್ಷನ್ನೇ ಕಟ್ ಆಗಬಹುದು. ಇದಕ್ಕೆ ಟ್ರಾಯ್, ಅಂದರೆ ಕೇಂದ್ರದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, 2018ರಲ್ಲಿ ನಿಯಮ ತಂದಿದೆ. ವ್ಯಾಪಾರದವರು ಮೊಬೈಲ್ ಕಂಪನಿಗಳು ನಡೆಸುವ ಡಿಎಲ್‌ಟಿ ಎಂಬ ದಾಖಲೆ ವ್ಯವಸ್ಥೆಯಲ್ಲಿ ನೋಂದಣಿ ಮಾಡಿಸಬೇಕು. ಆರು ಅಕ್ಷರದ ಹೆಡರ್, ಅಂದರೆ ಮೆಸೇಜಿನಲ್ಲಿ ನಂಬರಿನ ಬದಲು ಕಾಣುವ ಕಳಿಸಿದವರ ಹೆಸರು, ಪಡೆಯಬೇಕು. ಯಾವ ಮಾತು ಕಳಿಸುತ್ತೇವೋ ಅದರ ಮಾದರಿಯನ್ನು, ಅಂದರೆ ಟೆಂಪ್ಲೇಟನ್ನು, ಮೊದಲೇ ಕೊಟ್ಟು ಒಪ್ಪಿಗೆ ತೆಗೆದುಕೊಳ್ಳಬೇಕು. ಬಿಲ್ ನಂಬರು, ದುಡ್ಡು ಇಂಥ ಬದಲಾಗುವ ಜಾಗ ಮಾತ್ರ ಖಾಲಿ ಬಿಡಬಹುದು. ಉಳಿದ ಮಾತು ಒಂದಕ್ಷರ ಆಚೀಚೆ ಆದರೂ ಮೆಸೇಜು ದಾರಿಯಲ್ಲೇ ನಿಲ್ಲುತ್ತದೆ. 2021ರ ಮಾರ್ಚ್‌ನಲ್ಲಿ ಈ ತಪಾಸಣೆ ಶುರುವಾದಾಗ ದೇಶದ ತುಂಬಾ ಒಟಿಪಿ ಬಾರದೆ ಗೋಳಾಗಿತ್ತು, ನೆನಪಿರಬಹುದು. ಆಗ ಟ್ರಾಯ್ ಅದನ್ನು ಒಂದು ವಾರ ತಡೆಹಿಡಿಯಿತು. 2024ರ ಅಕ್ಟೋಬರ್‌ನಿಂದ, ಮೊದಲೇ ತಿಳಿಸದ ಲಿಂಕ್ ಇರುವ ಮೆಸೇಜುಗಳಿಗೂ ತಡೆ ಬಿದ್ದಿದೆ. ಮೋಸದ ಲಿಂಕ್ ಒತ್ತಿ ದುಡ್ಡು ಕಳಕೊಂಡವರು ನಮ್ಮ ಬೀದಿಯಲ್ಲೇ ಇದ್ದಾರೆ. ಹಾಗಾಗಿ ಈ ನಿಯಮಗಳು ಬೇಕು ಎಂದೇ ನಾನು ಹೇಳುತ್ತೇನೆ. ಸಿಟ್ಟಿನಿಂದ ಪತ್ರ ಬರೆದ ವಾಚಕರಿಗೂ ಇದು ಗೊತ್ತಿರಲಿ: ಹೆಡರ್‌ನ ಕೊನೆಗೆ ಒಂದು ಗೆರೆ ಹಾಕಿ ಅದರ ಮುಂದೆ ಇಂಗ್ಲಿಷ್ ಪಿ ಅಕ್ಷರ ಇದ್ದರೆ ಅದು ಜಾಹೀರಾತು, ಎಸ್ ಇದ್ದರೆ ಸೇವೆಗೆ ಸಂಬಂಧಿಸಿದ್ದು, ಟಿ ಇದ್ದರೆ ವ್ಯವಹಾರದ್ದು, ಜಿ ಇದ್ದರೆ ಸರ್ಕಾರದ್ದು. 2025ರಿಂದ ಈ ಗುರುತು ಬಂದಿದೆ. ಜಾಹೀರಾತು ಬೇಡವಾದರೆ 1909ಕ್ಕೆ ದೂರು ಕೊಡಬಹುದು. ರೈತರು ಕೇಳಿದ ಪ್ರಶ್ನೆಗೆ ನಾವು ಕಳಿಸುವ ಉತ್ತರವನ್ನು ಅದರ ಜೊತೆ ಸೇರಿಸಬೇಡಿ ಎಂಬುದು ನನ್ನ ಮನವಿ.

ನಾವು ನೋಂದಣಿಗೆ ತೆರಿಗೆ ಸೇರಿ 5,900 ರೂಪಾಯಿ ಕಟ್ಟಿದೆವು. ಸಾವಿರಾರು ಶಾಖೆಗಳ ಬ್ಯಾಂಕಿಗೂ, ಇಬ್ಬರು ಹುಡುಗರನ್ನು ಇಟ್ಟುಕೊಂಡ ವೈಂಡಿಂಗ್ ಅಂಗಡಿಗೂ ಒಂದೇ ಮೆಟ್ಟಿಲು ಅಂದರೆ ನಮಗೆ ಅದು ಎತ್ತರವೇ. ಹೋಗಲಿ, ಅದು ಒಂದು ಸಲದ ಖರ್ಚು.

ನನ್ನನ್ನು ನಿಜಕ್ಕೂ ಕಾಡಿದ್ದು ಆಮೇಲಿನದು.

ನಮ್ಮ ಗಿರಾಕಿಗಳಲ್ಲಿ ಕನ್ನಡ ಮಾತ್ರ ಓದುವವರೇ ಜಾಸ್ತಿ. ಹಾಗಾಗಿ ಉತ್ತರ ಕನ್ನಡದಲ್ಲೇ ಹೋಗಬೇಕು ಎನ್ನುವುದರಲ್ಲಿ ನಮಗೆ ಎರಡನೇ ಮಾತೇ ಇರಲಿಲ್ಲ. ಮೆಸೇಜ್ ಮಾರುವ ಮಧ್ಯವರ್ತಿ ಒಬ್ಬರು ಬೇಡ ಅಂದರು. ಕನ್ನಡದಲ್ಲಿ ಕಳಿಸಿದರೆ ದುಪ್ಪಟ್ಟು ಆಗುತ್ತದೆ ಮೇಡಂ, ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆದು ಕಳಿಸಿ, ಎಲ್ಲರೂ ಹಾಗೇ ಮಾಡುವುದು ಅಂದರು. ಇಂಗ್ಲಿಷ್ ಅಕ್ಷರ ಬಾರದವರಿಗೆ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡವನ್ನು ಓದಿ ಅಂದರೆ ಅವರು ಹೇಗೆ ಓದಬೇಕು? ಮೊಮ್ಮಗ ಶಾಲೆಯಿಂದ ಬರುವ ತನಕ ಕಾಯಬೇಕಾ?

ದುಪ್ಪಟ್ಟು ಯಾಕೆ ಅಂತ ಮಗಳನ್ನು ಕೂರಿಸಿಕೊಂಡು ಕೇಳಿದೆ. ಅವಳು ವಿವರಿಸಿದ್ದನ್ನು ನನಗೆ ತಿಳಿದ ಹಾಗೆ ಹೇಳುತ್ತೇನೆ. ಎಲ್ಲ ವಾಚಕರಿಗೂ ಇದು ಗೊತ್ತಾಗಬೇಕು. ಒಂದು ಎಸ್‌ಎಂಎಸ್‌ನಲ್ಲಿ ಹಿಡಿಸುವುದು 140 ಬೈಟ್ ಮಾತ್ರ. ಬಿಟ್ ಅಂದರೆ ಕಂಪ್ಯೂಟರಿನ ಅತಿ ಚಿಕ್ಕ ಅಳತೆ, ಎಂಟು ಬಿಟ್ ಸೇರಿದರೆ ಒಂದು ಬೈಟ್, ಅಂದರೆ ಒಟ್ಟು 1120 ಬಿಟ್. ಮೊಬೈಲ್ ಲೋಕಕ್ಕೆ ನಿಯಮ ಬರೆದಾಗಲೇ ಹಾಗೆ ನಿಗದಿ ಮಾಡಿದರು. ಒಂದು ಇಂಗ್ಲಿಷ್ ಅಕ್ಷರಕ್ಕೆ 7 ಬಿಟ್ ಸಾಕು. ಆದ್ದರಿಂದ ಒಂದು ಮೆಸೇಜಿನಲ್ಲಿ 160 ಅಕ್ಷರ ಹಿಡಿಸುತ್ತವೆ. ಕನ್ನಡ ಹೋಗುವುದು ಎಲ್ಲ ಭಾಷೆಗಳ ಅಕ್ಷರಕ್ಕೂ ನಂಬರ್ ಕೊಟ್ಟ ಯೂನಿಕೋಡ್‌ನಲ್ಲಿ, ಒಂದೊಂದಕ್ಕೆ 16 ಬಿಟ್ ಬೇಕು. ಹಾಗಾಗಿ 70 ಮಾತ್ರ. ಚೀಲ ಅದೇ, ಕಾಳು ದಪ್ಪ. 70 ದಾಟಿದರೆ ಎರಡು ಮೆಸೇಜು. ಆಗ ಅವನ್ನು ಜೋಡಿಸುವ ಗುರುತಿಗೂ ಜಾಗ ಹೋಗಿ ಒಂದೊಂದರಲ್ಲಿ 67 ಉಳಿಯುತ್ತದೆ.

ಆ 70ನ್ನು ಎಣಿಸುವ ಲೆಕ್ಕವೂ ನಾವು ಶಾಲೆಯಲ್ಲಿ ಕಲಿತದ್ದಲ್ಲ. "ನಿಮ್ಮ" ಅನ್ನುವುದು ನಮ್ಮ ಕಣ್ಣಿಗೆ ಎರಡಕ್ಷರ. ಅಲ್ಲಿ ಐದು. ನ ಒಂದು, ಗುಡಿಸು ಒಂದು, ಮ ಒಂದು, ಅರ್ಧ ಮಾಡುವ ಗುರುತು ಒಂದು, ಮತ್ತೆ ಮ ಒಂದು. ನಮ್ಮ ಕಸುಬಿನ ಪದಗಳಲ್ಲಿ ಒತ್ತು ಜಾಸ್ತಿ. "ಸ್ಟಾರ್ಟರ್" ಒಂಬತ್ತು. ಅಂಗಡಿ ಹೆಸರಿನಲ್ಲಿರುವ "ಎಲೆಕ್ಟ್ರಿಕಲ್ಸ್" ಒಂದೇ ಪದಕ್ಕೆ ಹದಿನಾಲ್ಕು.

ನಾವು ಮೊದಲು ಬರೆದ ಉತ್ತರ ಹೀಗಿತ್ತು: "ನಿಮ್ಮ ಮೋಟರ್ ರೆಡಿ ಇದೆ. ಬಿಲ್ 412. ಬಾಕಿ 3200 ರೂ. ಸಂಜೆ 7ರವರೆಗೆ ಅಂಗಡಿ ತೆರೆದಿರುತ್ತದೆ." ಎಣಿಸಿದರೆ 79. ಅಂದರೆ ಎರಡು ಮೆಸೇಜಿನ ದುಡ್ಡು. ಇದೇ ಮಾತು ಇಂಗ್ಲಿಷ್‌ನಲ್ಲಿ 68 ಆಯಿತು. ಆಮೇಲೂ 92 ಅಕ್ಷರಕ್ಕೆ ಜಾಗ ಉಳಿಯಿತು. ಕನ್ನಡದ್ದನ್ನು ಕತ್ತರಿಸಿದೆವು: "ಬಿಲ್ 412: ಮೋಟರ್ ರೆಡಿ. ಬಾಕಿ ರೂ 3200. ಸಂಜೆ 7ರೊಳಗೆ ಬನ್ನಿ." ಇದು 54. ಆದರೆ ಯಾರು ಕಳಿಸಿದ್ದು ಅಂತ ತಿಳಿಯಲು ಅಂಗಡಿ ಹೆಸರು ಬೇಡವಾ? ಹೆಸರು ಸೇರಿಸಿದ ತಕ್ಷಣ ಮತ್ತೆ 70 ದಾಟಿತು. ರೂಪಾಯಿ ಚಿಹ್ನೆಯ ವಿಷಯ ಇನ್ನೂ ವಿಚಿತ್ರ. ಪೂರ್ತಿ ಇಂಗ್ಲಿಷ್ ಮೆಸೇಜಿನಲ್ಲಿ ನಮ್ಮ ದೇಶದ ₹ ಗುರುತು ಒಂದನ್ನು ಹಾಕಿದರೂ ಇಡೀ ಮೆಸೇಜು 70ರ ಲೆಕ್ಕಕ್ಕೆ ಇಳಿಯುತ್ತದೆ. 7 ಬಿಟ್‌ನಲ್ಲಿ ಕಳಿಸಬಹುದಾದ ಅಕ್ಷರ, ಗುರುತುಗಳ ಹಳೇ ಪಟ್ಟಿಯೊಂದಿದೆ; ಅದರಲ್ಲಿ ಡಾಲರ್, ಪೌಂಡ್, ಯೆನ್ ಇವೆ, ರೂಪಾಯಿ ಇಲ್ಲ.

ರಾತ್ರಿ ಹೊತ್ತು ಹೋಗುವ ಉತ್ತರದ ಮೇಲೆ ನನಗೆ ವಿಶೇಷ ಕಾಳಜಿ. ಕರೆಂಟು ಎಷ್ಟೋ ಸಲ ರಾತ್ರಿ ಪಾಳಿಯಲ್ಲಿ ಬರುತ್ತದೆ. ಮೋಟರ್ ಕೈಕೊಡುವುದೂ ಆಗಲೇ. ಕತ್ತಲಲ್ಲಿ ರೈತರು ಸ್ಟಾರ್ಟರ್ ಬಟನ್ ಮತ್ತೆ ಮತ್ತೆ ಒತ್ತುತ್ತಾರೆ, ಫ್ಯೂಸ್ ಹೋಯಿತು ಅಂತ ದಪ್ಪ ತಂತಿ ಕಟ್ಟುತ್ತಾರೆ. ಬರೀ ಬೇರಿಂಗ್ ಬದಲಿಸಿದರೆ ಸರಿಹೋಗುತ್ತಿದ್ದ ಮೋಟರ್ ಅಲ್ಲಿಗೆ ಪೂರ್ತಿ ಸುಡುತ್ತದೆ. ಕೆಲವೊಮ್ಮೆ ಜೀವಕ್ಕೇ ಅಪಾಯ. ಅದಕ್ಕೆ ಅಂಗಡಿ ಮುಚ್ಚಿದ ಮೇಲೆ ಯಾರೇ ಮೆಸೇಜ್ ಮಾಡಿದರೂ ಹೀಗೆ ಹೋಗಬೇಕು ಅಂತ ಬರೆದೆವು: "ಮೋಟರ್ ನಿಂತಿದ್ದರೆ ಮತ್ತೆ ಮತ್ತೆ ಸ್ಟಾರ್ಟರ್ ಒತ್ತಬೇಡಿ. ಫ್ಯೂಸ್‌ಗೆ ದಪ್ಪ ತಂತಿ ಕಟ್ಟಬೇಡಿ. ಅಂಗಡಿ ಬೆಳಿಗ್ಗೆ 8ಕ್ಕೆ ತೆರೆಯುತ್ತೇವೆ." ಕೊನೆಗೆ ಅಂಗಡಿ ಹೆಸರು, ಫೋನ್ ನಂಬರು. ಇಂಗ್ಲಿಷ್‌ನಲ್ಲಿ ಇದಕ್ಕೆ ಒಂದು ಮೆಸೇಜು ಸಾಕು. ಕನ್ನಡದಲ್ಲಿ ಮೂರು. ಇದರಲ್ಲಿ ಯಾವ ಪದ ತೆಗೆಯಲಿ ಹೇಳಿ. ತೆಗೆಯಲಿಲ್ಲ, ಮೂರರ ದುಡ್ಡು ಕೊಡುತ್ತಿದ್ದೇವೆ. ಒಂದಕ್ಕೆ ಪೈಸೆ ಲೆಕ್ಕವೇ ಇರಬಹುದು. ಆದರೆ ಅದೇ ಮಾತನ್ನು ಅದೇ ದೂರಕ್ಕೆ ತಲುಪಿಸಲು ಇಂಗ್ಲಿಷಿಗೆ ಒಂದು ಪಾಲು, ಕನ್ನಡಕ್ಕೆ ಮೂರು ಪಾಲು ಅನ್ನುವುದು ಪೈಸೆಯಲ್ಲಿ ಮುಗಿಯುವ ವಿಷಯ ಅಲ್ಲ. ಈ ದರ ಪಟ್ಟಿ ನೋಡಿಯೇ ಎಷ್ಟೋ ಅಂಗಡಿಗಳು, ಆಸ್ಪತ್ರೆಗಳು, ಸಹಕಾರ ಸಂಘಗಳು ಕನ್ನಡ ಬಿಟ್ಟಿರುತ್ತವೆ ಎಂದು ನನಗೆ ಅನಿಸುತ್ತದೆ. ನಮ್ಮ ಫೋನಿಗೆ ಬರುವ ಮೆಸೇಜುಗಳಲ್ಲಿ ಕನ್ನಡ ಎಷ್ಟಿದೆ ಅಂತ ನೀವೇ ಒಮ್ಮೆ ನೋಡಿ.

ಟೆಂಪ್ಲೇಟ್ ಒಪ್ಪಿಗೆಯಲ್ಲೂ ಇದೇ ಕಥೆ. ನಾವು ನೋಂದಣಿ ಮಾಡಿಸಿದ ಕಡೆ ಇಂಗ್ಲಿಷ್ ಟೆಂಪ್ಲೇಟ್ ಬೇಗ ಪಾಸಾಯಿತು. ಅದೇ ಮಾತಿನ ಕನ್ನಡ ಟೆಂಪ್ಲೇಟ್ ವಾಪಸ್ ಬಂತು. ಕಾರಣ ಕೇಳಿದರೆ ಸರಿಯಾದ ವಿಭಾಗದಲ್ಲಿ ಹಾಕಿ ಅಂದರು. ಇದೇ ವಿಭಾಗದಲ್ಲಿ ತಾನೇ ಇಂಗ್ಲಿಷ್‌ನದು ಪಾಸಾಗಿದ್ದು ಅಂತ ಮಗಳು ಬರೆದಳು. ಮತ್ತೆ ಕಳಿಸಿದ ಮೇಲೆ ಒಂದಕ್ಷರವೂ ಬದಲಾಗದೆ ಪಾಸಾಯಿತು. ಅಲ್ಲಿ ಕೂತವರಲ್ಲಿ ಕನ್ನಡ ಓದಬಲ್ಲವರು ಒಬ್ಬರಾದರೂ ಇದ್ದರೆ ಹೀಗಾಗುತ್ತಿರಲಿಲ್ಲ ಅಲ್ವಾ?

ಇನ್ನೊಂದು ತೊಂದರೆ, ಹೆಡರ್‌ನಿಂದ ಹೋದ ಮೆಸೇಜಿಗೆ ತಿರುಗಿ ಉತ್ತರಿಸಲು ಆಗುವುದಿಲ್ಲ. ರೈತರು ಕೇಳುವುದು ಒಂದು ಹತ್ತಂಕಿ ನಂಬರಿಗೆ, ಅದಕ್ಕೆ ತಿಂಗಳ ಬಾಡಿಗೆ ಬೇರೆ. ಉತ್ತರ ಬರುವುದು ಇಂಗ್ಲಿಷ್ ಅಕ್ಷರಗಳ ಒಂದು ಹೆಸರಿನಿಂದ. ಬಂದ ಉತ್ತರಕ್ಕೇ "ನಾಳೆ ಬರಲಾ?" ಅಂತ ಬರೆಯುತ್ತಾರೆ, ಅದು ಹೋಗುವುದಿಲ್ಲ. ಅಂಗಡಿಯವರು ಮಾತಾಡುತ್ತಿಲ್ಲ ಅಂತ ಬೇಜಾರಾಗುತ್ತಾರೆ. ಮಿಸ್ಡ್ ಕಾಲ್ ಕೊಟ್ಟರೂ ಸಾಕು ಅಂತ ಈಗ ಮಾಡಿದ್ದೇವೆ. ಚೀಟಿ ಬರೆಯುವಾಗ ಫೋನ್ ನಂಬರ್ ತೆಗೆದುಕೊಂಡಿರುತ್ತೇವಲ್ಲ, ಅದನ್ನು ನೋಡಿ ಪ್ರೋಗ್ರಾಮ್ ಮೋಟರ್ ಹುಡುಕುತ್ತದೆ. ಕೀಪ್ಯಾಡ್ ಫೋನಿನವರಿಗೆ ಇದು ಬಹಳ ಸುಲಭವಾಗಿದೆ. ಅಪ್ಪನ ಹೆಸರಿನ ಚೀಟಿಗೆ ಮಗನ ಫೋನಿನಿಂದ ಮಿಸ್ಡ್ ಕಾಲ್ ಬಂದರೆ ಮಾತ್ರ ಚೀಟಿ ನಂಬರ್ ಕಳಿಸಿ ಅಂತ ಕೇಳುತ್ತದೆ.

ವಾಟ್ಸಾಪ್ ಇದೆಯಲ್ಲ ಅಂತ ಕೆಲವರು ಹೇಳಬಹುದು. ಇದೆ, ನಾವೂ ಇಟ್ಟುಕೊಂಡಿದ್ದೇವೆ. ಅದರ ಬಿಸಿನೆಸ್ ಆ್ಯಪಿನಲ್ಲಿ ಅಂಗಡಿ ಮುಚ್ಚಿದಾಗಿನ ಉತ್ತರ ಬರೆದಿಡುವುದು ಸುಲಭ, ಕನ್ನಡಕ್ಕೆ 70ರ ಕಟ್ಟೂ ಇಲ್ಲ. ಆದರೆ ಸ್ಮಾರ್ಟ್‌ಫೋನ್ ಇಲ್ಲದವರು, ಇದ್ದರೂ ತೋಟದಲ್ಲಿ ನೆಟ್ ಸಿಗದವರು ನಮ್ಮಲ್ಲಿ ಬಹಳ. ಮೆಸೇಜಾದರೆ ಒಂದು ಕಡ್ಡಿ ಸಿಗ್ನಲ್ ಇದ್ದರೂ ಬರುತ್ತದೆ.

ಹಾಗಾದರೆ ಏನು ಮಾಡಬೇಕು? ಮಗಳು ಹುಡುಕಿ ತೋರಿಸಿದ ಒಂದು ಸಂಗತಿ ಇದೆ. ಎಸ್‌ಎಂಎಸ್‌ನ ಜಾಗತಿಕ ಮಾನದಂಡದಲ್ಲೇ, 3ಜಿಪಿಪಿ 23.038 ಎಂಬ ದಾಖಲೆಯಲ್ಲಿ, ಕನ್ನಡಕ್ಕೆ ಅಂತಲೇ 7 ಬಿಟ್ ಪಟ್ಟಿ ಇದೆ. ಹಿಂದಿ, ತಮಿಳು, ತೆಲುಗು, ಮಲಯಾಳಂ, ಬಂಗಾಳಿಗೂ ಇದೆ. ಅದನ್ನು ಬಳಸಿದರೆ ಒಂದು ಮೆಸೇಜಿನಲ್ಲಿ 150ಕ್ಕೂ ಹೆಚ್ಚು ಹಿಡಿಸುತ್ತದೆ. ನಮ್ಮ ರಾತ್ರಿ ಉತ್ತರ ಪೂರ್ತಿ ಒಂದರಲ್ಲೇ ಹೋಗುತ್ತದೆ. ಆದರೆ ಕಳಿಸುವ ಕಂಪನಿಯ ವ್ಯವಸ್ಥೆ ಮತ್ತು ಓದುವ ಫೋನು ಎರಡರಲ್ಲೂ ಆ ಪಟ್ಟಿ ಇರಬೇಕು. ನಾವು ವಿಚಾರಿಸಿದ ಯಾರೂ ಅದನ್ನು ಕೊಡಲಿಲ್ಲ. ಇಲ್ಲಿ ಮಾರುವ ಮೊಬೈಲುಗಳಲ್ಲಿ 22 ಭಾಷೆಗಳ ಮೆಸೇಜು ಓದಲು ಬರಬೇಕು ಎಂದು ಭಾರತೀಯ ಮಾನಕ ಬ್ಯೂರೊದ ಐಎಸ್ 16333 ಹೇಳುತ್ತದೆ. ಓದಲು ಬರಬೇಕು ಎಂದು ಕಟ್ಟಳೆ ಮಾಡಿದವರು ಈ ಪಟ್ಟಿಯನ್ನೂ ಅದಕ್ಕೆ ಸೇರಿಸಬಹುದಿತ್ತು. ಈಗಲೂ ಸೇರಿಸಬಹುದು.

ಹೊಸ ಫೋನುಗಳು ಎಲ್ಲರ ಕೈಗೆ ಬರಲು ವರ್ಷಗಳು ಬೇಕು, ನಿಜ. ಅಲ್ಲಿಯ ತನಕ ದರದಲ್ಲಾದರೂ ಸರಿಮಾಡಿ. ಸೇವೆಯ ಟೆಂಪ್ಲೇಟ್ ಕನ್ನಡದಲ್ಲಿದ್ದರೆ, ಅದು ಎರಡಾಗಿ ಹೋಗಲಿ, ಮೂರಾಗಿ ಹೋಗಲಿ, ಒಂದರ ದುಡ್ಡು ತೆಗೆದುಕೊಳ್ಳಿ. ಕಂಪನಿಗಳಿಗೆ ಇದು ಹೊರೆ ಅನಿಸಿದರೆ ಜಾಹೀರಾತಿನ ಮೆಸೇಜಿಗೆ ಬೇಕಾದರೆ ಜಾಸ್ತಿ ಹಾಕಿ, ನನ್ನ ಅಭ್ಯಂತರವಿಲ್ಲ. ಕನ್ನಡ ಅಭಿವೃದ್ಧಿ ಪ್ರಾಧಿಕಾರ ಬ್ಯಾಂಕುಗಳ ಚಲನ್‌ನಲ್ಲಿ, ಅಂಗಡಿ ಫಲಕದಲ್ಲಿ ಕನ್ನಡ ಇರಲಿ ಎಂದು ಕೇಳುತ್ತದೆ, ಒಳ್ಳೆಯದು. ಜನ ಈಗ ಫಲಕಕ್ಕಿಂತ ಹೆಚ್ಚು ಸಲ ಓದುವುದು ಮೊಬೈಲಿನ ಮೆಸೇಜು. ಪ್ರಾಧಿಕಾರ ಈ ವಿಷಯವನ್ನು ಟ್ರಾಯ್‌ಗೆ ಬರೆಯಬೇಕು. ನಮ್ಮ ಸಂಸದರು ಲೋಕಸಭೆಯಲ್ಲಿ ಕೇಳಬೇಕು. ತಮಿಳರು, ತೆಲುಗರು, ಮರಾಠಿಗರು, ಹಿಂದಿಯವರು ಎಲ್ಲರಿಗೂ ಇದೇ 70ರ ಲೆಕ್ಕ. ಹಾಗಾಗಿ ಒಟ್ಟಿಗೆ ಕೇಳುವುದಕ್ಕೆ ಯಾರ ಅಡ್ಡಿಯೂ ಇಲ್ಲ.

ನಿಮ್ಮ ವಾಚಕರಲ್ಲಿ ಮೊಬೈಲ್ ಕಂಪನಿಗಳಲ್ಲಿ ಕೆಲಸ ಮಾಡುವ ಎಂಜಿನಿಯರ್‌ಗಳು ಇದ್ದೇ ಇರುತ್ತಾರೆ. ಕನ್ನಡದ ಆ 7 ಬಿಟ್ ಪಟ್ಟಿಯನ್ನು ಒಂದು ತಾಲ್ಲೂಕಿನಲ್ಲಾದರೂ ಪ್ರಯೋಗ ಮಾಡಿ ನೋಡಲು ಯಾರಾದರೂ ಮುಂದೆ ಬಂದರೆ ದಯವಿಟ್ಟು ಇದೇ ಪುಟದಲ್ಲಿ ಬರೆಯಲಿ. ನಮ್ಮ ಅಂಗಡಿಯ ಉತ್ತರಗಳನ್ನೇ ಅದಕ್ಕೆ ಕೊಡುತ್ತೇವೆ. ಗಿರಾಕಿಗಳ ಬೇರೆ ಬೇರೆ ಫೋನುಗಳಲ್ಲಿ ಅದು ಸರಿಯಾಗಿ ಕಾಣುತ್ತದಾ ಅಂತ ನೋಡಿ ಪಟ್ಟಿ ಮಾಡಿಕೊಡಲು ಮಗಳು ತಯಾರಿದ್ದಾಳೆ.

ಇಂತಿ,
ಮೋಟರ್ ವೈಂಡಿಂಗ್ ಅಂಗಡಿಯ ಒಬ್ಬ ಗೃಹಿಣಿ
ಹಿರಿಯೂರು, ಚಿತ್ರದುರ್ಗ ಜಿಲ್ಲೆ